ಅಂತರಕ್ಕೆ ಕಾಯಿದೆ ಬೇಕೇ?

ಕೊರೊನಾ ಕಾಲದ ಒಂದು ಒಗಟು ಬೆಳಗಾವಿ ಜಿಲ್ಲೆಯ ಸಂಕೇಶ್ವರ, ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಜನರಿಗೆ ಅರ್ಧಂಬರ್ಧ ಗೊತ್ತೇ ಇದೆ. ಒಂದೇ ಕೋಣೆಯಲ್ಲಿ ಮಲಗುವ ಗಂಡ ಹೆಂಡತಿಯಲ್ಲಿ ಗಂಡನಿಗೆ ಸೋಂಕು ಬಂದರೂ ಹೆಂಡತಿಗೆ ತಗುಲದೆ ಹೋದದ್ದುಂಟು. ಅದೇ ಹೊತ್ತಿನಲ್ಲಿ ಒಂದು ಮದುವೆಗೆ ಹೋಗಿ, ಎರಡು ತಾಸು ಕುಳಿತು, ಉಂಡು ಬಂದವರಲ್ಲಿ ಹತ್ತಾರು ಜನ ಒಂದೇ ವಾರದಲ್ಲಿ ಹಾಸಿಗೆ ಹಿಡಿದದ್ದೂ ಉಂಟು. ಮಗ್ಗುಲಲ್ಲಿ ಮಲಗಿದವರನ್ನು ಬಿಟ್ಟ ರೋಗ ಊರನ್ನು ಹೇಗೆ ಹಿಡಿಯಿತು?

ಮಹಾಮಾರಿ ಬಂದಾಗ ಜನರ ನಡುವೆ ಅಂತರ ಇರಬೇಕೆಂದು ಸರ್ಕಾರ ಕಾಯಿದೆ ಮಾಡಿ, ಪೊಲೀಸರನ್ನು ನಿಲ್ಲಿಸಿ, ದಂಡ ಹಾಕುವುದು ಸರಿಯೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಒಗಟಿನೊಳಗೇ ಇದೆ. ಸ್ವಾತಂತ್ರ್ಯ ದೊಡ್ಡದೋ ಜೀವ ದೊಡ್ಡದೋ ಎಂದು ವಾದಿಸುವ ಮೊದಲು ರೋಗ ಹರಡುವ ಬಗೆ ತಿಳಿಯಬೇಕು. ಹರಡುವ ಬಗೆ ಬೇರೆಯಾದರೆ ಬೇಕಾಗುವ ಕಾಯಿದೆಯೂ ಬೇರೆ.

ಸುಳಿವಿಲ್ಲದ ಎರಡು ದಿನ

2003ರಲ್ಲಿ ಸಾರ್ಸ್ ಎಂಬ ರೋಗ ಹಲವು ದೇಶಗಳಲ್ಲಿ ಹಬ್ಬಿತು. ಅದೂ ಕೊರೊನಾ ಕುಲದ ವೈರಾಣುವೇ. ಜಗತ್ತಿನಲ್ಲಿ ಸುಮಾರು 8,100 ಜನರಿಗೆ ತಗುಲಿ, 774 ಜನರನ್ನು ಕೊಂದು, ಅದೇ ವರ್ಷ ನಿಂತುಹೋಯಿತು. ಆಗ ಯಾವ ದೇಶವೂ ಇಡೀ ನಾಡಿಗೆ ಬೀಗ ಹಾಕಲಿಲ್ಲ. ಕಾರಣ ಸರಳ: ಸಾರ್ಸ್ ತಗುಲಿದವರು ಜ್ವರ ಬಂದು, ಚೆನ್ನಾಗಿ ಜಡ್ಡು ಬಿದ್ದ ಮೇಲೆಯೇ ಹೆಚ್ಚಾಗಿ ಇತರರಿಗೆ ರೋಗ ಹರಡುತ್ತಿದ್ದರು. ಜ್ವರ ಬಂದವರನ್ನು ಹುಡುಕಿ ಬೇರೆ ಇರಿಸಿದರೆ ಸರಪಳಿ ಕಡಿಯುತ್ತಿತ್ತು. ಆರೋಗ್ಯವಂತರೆಲ್ಲರನ್ನೂ ತಡೆಯುವ ಅಗತ್ಯ ಬೀಳಲಿಲ್ಲ.

2019ರ ಕೊನೆಗೆ ಬಂದ ಕೋವಿಡ್ ಇಲ್ಲಿಯೇ ಬೇರೆಯಾಯಿತು. ಕೆಮ್ಮು, ಜ್ವರ ಕಾಣಿಸಿಕೊಳ್ಳುವುದಕ್ಕೆ ಸುಮಾರು ಎರಡು ದಿನ ಮೊದಲೇ ಸೋಂಕಿತನ ಉಸಿರಿನಲ್ಲಿ ವೈರಾಣು ಹೊರಬೀಳತೊಡಗುತ್ತದೆ. ಕೆಲವರಿಗೆ ಲಕ್ಷಣಗಳು ಕಾಣಿಸುವುದೇ ಇಲ್ಲ. ಇದನ್ನು ‘ಸುಳಿವಿಲ್ಲದ ಅವಧಿ’ ಎನ್ನಬಹುದು. ಆ ಅವಧಿಯಲ್ಲಿ ಮನುಷ್ಯ ಗಟ್ಟಿಮುಟ್ಟಾಗಿ ಓಡಾಡುತ್ತಾನೆ, ಸಂತೆ ಮಾಡುತ್ತಾನೆ, ಟಂಟಂನಲ್ಲಿ ಒತ್ತಿಕೊಂಡು ಕೂರುತ್ತಾನೆ. ಅವನ ಮನಸ್ಸಿನಲ್ಲಿ ಕೇಡಿಲ್ಲ, ಅಜಾಗ್ರತೆಯೂ ಇಲ್ಲ, ತನ್ನೊಳಗಿನ ರೋಗ ಅವನಿಗೆ ಗೊತ್ತಿಲ್ಲ ಅಷ್ಟೆ.

‘ಜಡ್ಡು ಇದ್ದವರು ಮನೆಯಲ್ಲಿರಲಿ, ಉಳಿದವರನ್ನು ಅವರ ಪಾಡಿಗೆ ಬಿಡಿ’ ಎಂಬ ಮಾತು ಸಾರ್ಸ್‌ಗೆ ಸಾಕಿತ್ತು, ಕೋವಿಡ್‌ಗೆ ಸಾಲದು. ಯಾರಲ್ಲಿ ರೋಗವಿದೆ ಎಂದು ಯಾರಿಗೂ ಗೊತ್ತಿಲ್ಲದಾಗ ಒಬ್ಬೊಬ್ಬರ ವಿವೇಕಕ್ಕೆ ಎಲ್ಲವನ್ನೂ ಬಿಟ್ಟುಕೊಡಲಾಗದು. ಆರೋಗ್ಯವಂತರ ಮೇಲೂ ನಿಯಮ ಹೇರಲು ಸರ್ಕಾರಕ್ಕಿರುವ ಮೊದಲ ಆಧಾರ ಇದು. ಈ ಆಧಾರವಿಲ್ಲದ ರೋಗಕ್ಕೆ ಅದೇ ಕಾಯಿದೆ ತಂದರೆ ಅದು ಬರೀ ದರ್ಪವಾಗುತ್ತದೆ.

ಮೆಣಸಿನಕಾಯಿಯ ಘಾಟು

ಕೋವಿಡ್ ಕಾಲದಲ್ಲಿ ಕೇಳಿಬಂದ ಆರು ಅಡಿ ಅಂತರದ ಲೆಕ್ಕ ಹಳೆಯದು. ಕೆಮ್ಮಿದಾಗ ಸಿಡಿಯುವ ದೊಡ್ಡ ಹನಿಗಳು ಕೆಲವು ಅಡಿಯೊಳಗೆ ನೆಲಕ್ಕೆ ಬೀಳುತ್ತವೆ, ಸಣ್ಣ ಹನಿಗಳು ಒಣಗಿ ಗಾಳಿಯಲ್ಲೇ ಉಳಿಯುತ್ತವೆ ಎಂದು ಅಮೆರಿಕದ ವಿಲಿಯಂ ವೆಲ್ಸ್ 1930ರ ದಶಕದಲ್ಲಿ ತೋರಿಸಿದ್ದರು. ಆರೋಗ್ಯ ಇಲಾಖೆಗಳು ಮೊದಲರ್ಧವನ್ನು ನೆನಪಿಟ್ಟುಕೊಂಡವು, ಎರಡನೆಯದನ್ನು ಮರೆತವು. ಕೋವಿಡ್ ಈ ತೇಲುವ ಸಣ್ಣ ಹನಿಗಳ ಮೂಲಕವೂ ಹರಡುತ್ತದೆ ಎಂದು ಒಪ್ಪಿಕೊಳ್ಳಲು ವಿಶ್ವ ಆರೋಗ್ಯ ಸಂಸ್ಥೆಗೂ ಬಹಳ ಕಾಲ ಹಿಡಿಯಿತು.

ತೇಲುಹನಿಯ ನಡವಳಿಕೆಯನ್ನು ಸಂಕೇಶ್ವರದವರಿಗೆ ತಿಳಿಸಿಹೇಳುವುದು ಸುಲಭ. ಈ ಊರಿನ ಹೆಸರಿನಲ್ಲೇ ಒಂದು ಮೆಣಸಿನಕಾಯಿ ಇದೆ. ಉದ್ದ, ತೆಳು, ಖಾರ. ಅದನ್ನು ಬಯಲಲ್ಲಿ ಹರವಿ ಒಣಗಿಸುವಾಗ ಪಕ್ಕದಲ್ಲೇ ಕುಳಿತು ತೊಟ್ಟು ಬಿಡಿಸುವವರಿಗೂ ಅಷ್ಟಾಗಿ ಘಾಟು ಹತ್ತುವುದಿಲ್ಲ. ಅದೇ ಕಾಯನ್ನು ಮುಚ್ಚಿದ ಗೋದಾಮಿನಲ್ಲಿ ಚೀಲದಿಂದ ಸುರಿದರೆ ಹತ್ತು ಮಾರು ದೂರ ನಿಂತ ಹಮಾಲನೂ ಕೆಮ್ಮುತ್ತಾನೆ. ಹೊತ್ತು ಹೋದಷ್ಟೂ ಘಾಟು ತುಂಬುತ್ತದೆ. ಬಾಗಿಲು ತೆರೆದರೆ ಇಳಿಯುತ್ತದೆ. ಅಲ್ಲಿ ಕಾಯಿಂದ ಎಷ್ಟು ಅಡಿ ದೂರ ನಿಂತಿದ್ದಾನೆ ಎನ್ನುವುದಕ್ಕಿಂತ ಎಂಥ ಜಾಗದಲ್ಲಿ, ಎಷ್ಟು ಹೊತ್ತು, ಎಷ್ಟು ಚೀಲದ ನಡುವೆ ಇದ್ದಾನೆ ಎನ್ನುವುದೇ ಮುಖ್ಯ. ಸೋಂಕಿತನ ಉಸಿರೂ ಹೀಗೆಯೇ.

ಜಪಾನ್ ಇದನ್ನು ಬೇಗ ಗುರುತಿಸಿತು. ಮುಚ್ಚಿದ ಜಾಗ, ಕಿಕ್ಕಿರಿದ ಜಾಗ, ಮುಖಕ್ಕೆ ಮುಖ ಕೊಟ್ಟು ಮಾತಾಡುವ ಜಾಗ ಈ ಮೂರನ್ನು ಬಿಡಿ ಎಂದು 2020ರ ಮೊದಲ ತಿಂಗಳುಗಳಲ್ಲೇ ಜನರಿಗೆ ಸಾರಿತು. ಹೊಲದಲ್ಲಿ ಒಬ್ಬನೇ ನೀರು ಹಾಯಿಸುವವನು, ಬೆಳಗಿನ ಜಾವ ರಸ್ತೆಯಲ್ಲಿ ನಡೆದುಹೋಗುವವನು ಈ ಪಟ್ಟಿಯಲ್ಲಿ ಬರುವುದಿಲ್ಲ. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಲಾಠಿ ಏಟು ತಿಂದವರಲ್ಲಿ ಇಂಥವರೂ ಇದ್ದರು ಎನ್ನುವುದು ನೋವಿನ ಸಂಗತಿ.

ಎಂಟು ಮಂದಿ ಮತ್ತು ಎಪ್ಪತ್ತೊಂದು ಮಂದಿ

ಈಗ ಮೊದಲ ಒಗಟಿಗೆ ಬರಬಹುದು. ತಮಿಳುನಾಡು ಮತ್ತು ಆಂಧ್ರಪ್ರದೇಶದ ಆರೋಗ್ಯ ಇಲಾಖೆಗಳು 2020ರಲ್ಲಿ ಸುಮಾರು 85,000 ಸೋಂಕಿತರ ಸಂಪರ್ಕಕ್ಕೆ ಬಂದ 5,75,000ಕ್ಕೂ ಹೆಚ್ಚು ಜನರನ್ನು ಪತ್ತೆಹಚ್ಚಿದವು. ರಮಣನ್ ಲಕ್ಷ್ಮೀನಾರಾಯಣ್ ಮತ್ತು ಸಂಗಡಿಗರು ಈ ಮಾಹಿತಿಯನ್ನು ಜಾಲಾಡಿ, ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ನೂರು ಸೋಂಕಿತರಲ್ಲಿ ಸುಮಾರು 71 ಮಂದಿಯಿಂದ, ಪತ್ತೆಯಾದ ಸಂಪರ್ಕದಲ್ಲಿ ಒಬ್ಬರಿಗೂ ರೋಗ ಹರಡಿರಲಿಲ್ಲ. ಬರೀ ಎಂಟು ಮಂದಿಯಿಂದ ಹೊಸ ಸೋಂಕುಗಳಲ್ಲಿ ನೂರಕ್ಕೆ ಅರವತ್ತರಷ್ಟು ಹುಟ್ಟಿದ್ದವು.

ಆ ಎಂಟು ಮಂದಿ ಪಾಪಿಗಳಲ್ಲ. ಉಸಿರಿನಲ್ಲಿ ವೈರಾಣು ತುಂಬಿದ್ದ ಆ ಒಂದೆರಡು ದಿನ ಅವರು ಹೆಚ್ಚಾಗಿ ಜನ ಸೇರಿದ ಕಡೆ ಇದ್ದಿರಬೇಕು, ಉಳಿದವರು ಇರಲಿಲ್ಲ. ಇದಕ್ಕೆ ‘ಗುಂಪುಹರಡಿಕೆ’ ಎಂದು ಹೆಸರಿಡಬಹುದು. ಮನೆಯಲ್ಲಿ ಹೆಂಡತಿ ಉಳಿದದ್ದೂ, ಮದುವೆಯಲ್ಲಿ ಹತ್ತಾರು ಜನ ಬಿದ್ದದ್ದೂ ಇದೇ ಲೆಕ್ಕದ ಎರಡು ತುದಿಗಳು.

ಒಬ್ಬ ಸೋಂಕಿತ ಸರಾಸರಿ ಎರಡೂವರೆ ಜನರಿಗೆ ರೋಗ ಕೊಡುತ್ತಾನೆ ಎಂದಿಟ್ಟುಕೊಳ್ಳೋಣ; ಮೊದಲ ಅಲೆಯ ವೈರಾಣುವಿಗೆ ಇದು ಹತ್ತಿರದ ಅಂದಾಜು. ಒಬ್ಬರಿಂದ ಒಬ್ಬರಿಗೆ ದಾಟಲು ಸುಮಾರು ಐದು ದಿನ. ಒಂದು ತಿಂಗಳಲ್ಲಿ ಆರು ಸುತ್ತು. ಆರನೆಯ ಸುತ್ತಿನಲ್ಲಿ ಆ ಒಬ್ಬನಿಂದ 244 ಹೊಸ ಸೋಂಕು. ಜನರು ಒಬ್ಬರನ್ನೊಬ್ಬರು ಸಂಧಿಸುವುದನ್ನು ಅರ್ಧಕ್ಕೆ ಇಳಿಸಿದರೆ ಆರನೆಯ ಸುತ್ತಿನಲ್ಲಿ ಸಿಗುವುದು 122 ಅಲ್ಲ, ನಾಲ್ಕಕ್ಕೂ ಕಡಿಮೆ. ಪ್ರತಿ ಸುತ್ತಿನ ಇಳಿಕೆ ಮುಂದಿನ ಸುತ್ತನ್ನೂ ಇಳಿಸುವುದರಿಂದ ಹೀಗಾಗುತ್ತದೆ. ಆ ಅರ್ಧವನ್ನು ಎಲ್ಲಿಂದ ಕಡಿಯಬೇಕು ಎನ್ನುವುದೇ ಆಡಳಿತದ ಮುಂದಿನ ಪ್ರಶ್ನೆ. ನೂರರಲ್ಲಿ ಅರವತ್ತು ಸೋಂಕು ಕೆಲವೇ ಜನರಿಂದ, ಅವರು ಸೇರಿದ ಕೂಟಗಳಿಂದ ಬರುವುದಾದರೆ, ಮುಚ್ಚಿದ ಸಭಾಂಗಣದ ಮದುವೆ, ಚುನಾವಣಾ ಸಭೆ, ಕಿಕ್ಕಿರಿದ ವಾಹನಗಳನ್ನು ತಡೆದರೆ ಹೆಚ್ಚಿನ ಕೆಲಸ ಆಗುತ್ತದೆ. ಕಿರಾಣಿ ಅಂಗಡಿಯವನನ್ನೂ ಕುರಿ ಕಾಯುವವನನ್ನೂ ಮನೆಯಲ್ಲಿ ಕೂಡಿಹಾಕಿ ಸಿಗುವ ಲಾಭ ಅಲ್ಪ, ಅವರಿಗಾಗುವ ನಷ್ಟ ದೊಡ್ಡದು.

ಎಲ್ಲವನ್ನೂ ಜನರ ತಿಳಿವಳಿಕೆಗೆ ಬಿಟ್ಟ ದೇಶ ಎಂದು ಹೆಸರಾದ ಸ್ವೀಡನ್ ಕೂಡ ಗುಂಪಿನ ವಿಷಯದಲ್ಲಿ ಕಾಯಿದೆಯನ್ನೇ ಬಳಸಿತು. 2020ರ ಮಾರ್ಚ್ ಕೊನೆಗೆ 50ಕ್ಕಿಂತ ಹೆಚ್ಚು ಜನರ ಸಾರ್ವಜನಿಕ ಕೂಟಗಳನ್ನು ನಿಷೇಧಿಸಿತು, ನವೆಂಬರ್‌ನಲ್ಲಿ ಆ ಮಿತಿಯನ್ನು ಎಂಟಕ್ಕೆ ಇಳಿಸಿತು.

ಹೆದರಿಕೆ ತಡವಾಗಿ ಬರುತ್ತದೆ

ಕಾಯಿದೆ ಬೇಡ ಎನ್ನುವವರ ವಾದದಲ್ಲಿ ಸತ್ವವಿದೆ. ರೋಗದ ಸುದ್ದಿ ಕೇಳಿದರೆ ಜನ ತಾವಾಗಿಯೇ ಮನೆ ಸೇರುತ್ತಾರೆ ಎನ್ನುತ್ತಾರೆ ಅವರು. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಆಸ್ಟನ್ ಗೂಲ್ಸ್‌ಬೀ ಮತ್ತು ಚಾಡ್ ಸೈವರ್ಸನ್ ಮೊಬೈಲ್ ಫೋನ್‌ಗಳ ಓಡಾಟದ ದಾಖಲೆ ಹಿಡಿದು ಇದನ್ನು ಅಳೆದರು. 2020ರ ವಸಂತದಲ್ಲಿ ಅಂಗಡಿಗಳಿಗೆ ಹೋಗುವವರ ಸಂಖ್ಯೆ ನೂರಕ್ಕೆ ಅರವತ್ತರಷ್ಟು ಕುಸಿದಿತ್ತು. ಅದರಲ್ಲಿ ಸರ್ಕಾರಿ ಆದೇಶದ ಪಾಲು ಏಳರಷ್ಟು ಮಾತ್ರ. ಉಳಿದದ್ದೆಲ್ಲ ಜನರ ಸ್ವಂತ ಹೆದರಿಕೆ.

ಆದರೆ ಹೆದರಿಕೆಗೆ ಒಂದು ದೋಷವಿದೆ. ಅದು ಕಣ್ಣಿಗೆ ಕಂಡ ಸಾವಿನಿಂದ ಹುಟ್ಟುತ್ತದೆ. ಸೋಂಕು ತಗುಲಿದ ದಿನದಿಂದ ಸಾವಿನವರೆಗೆ ಸಾಮಾನ್ಯವಾಗಿ ಸುಮಾರು ಮೂರು ವಾರ. ಊರಿನಲ್ಲಿ ಮೊದಲ ಸಾವಿನ ಸುದ್ದಿ ಹಬ್ಬಿ ಜನ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಸೋಂಕು ನಾಲ್ಕು ಸುತ್ತು ದಾಟಿರುತ್ತದೆ. ಆಸ್ಪತ್ರೆಯ ಹಾಸಿಗೆ, ಆಮ್ಲಜನಕ ಆ ವೇಗಕ್ಕೆ ಹೆಚ್ಚುವುದಿಲ್ಲ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡಾಗ ಆಮ್ಲಜನಕದ ಕೊರತೆಯ ಅರ್ಥ ಇಡೀ ರಾಜ್ಯಕ್ಕೆ ಗೊತ್ತಾಯಿತು. ಆ ದಿನ ಹುಟ್ಟಿದ ಹೆದರಿಕೆ ಮೂರು ವಾರ ಮೊದಲು ಹುಟ್ಟಬೇಕಿತ್ತು. ಸೋಂಕಿಗೂ ಹೆದರಿಕೆಗೂ ನಡುವಿನ ಆ ಮೂರು ವಾರವನ್ನು ತುಂಬುವುದೇ ಕಾಯಿದೆಯ ಕೆಲಸ. ಪರೀಕ್ಷೆಯ ಅಂಕಿಗಳು ಜನರಿಗಿಂತ ಮೊದಲು ಸರ್ಕಾರಕ್ಕೆ ಕಾಣುತ್ತವೆ. ಕಂಡದ್ದಕ್ಕೆ ತಕ್ಕಂತೆ ನಡೆಯುವ ಹೊಣೆಯೂ ಸರ್ಕಾರದ್ದೇ.

ಇನ್ನೊಂದು ಕಾರಣವೂ ಇದೆ. ಹೆದರಿದವರೆಲ್ಲ ಮನೆಯಲ್ಲಿ ಉಳಿಯಲಾರರು. ಮಾಲೀಕ ಬಾ ಎಂದರೆ ಕೂಲಿಯವನು ಹೋಗಲೇಬೇಕು. ಬೀಗರು ಕರೆದ ಮದುವೆಗೆ ಹೋಗದಿದ್ದರೆ ಸಂಬಂಧ ಮುರಿಯುತ್ತದೆ. ‘ಐವತ್ತಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ’ ಎಂದು 2020ರ ಮೇ ತಿಂಗಳಲ್ಲಿ ಕೇಂದ್ರ ಹೇಳಿದಾಗ, ಬ್ಯಾಸಗಿ ಮದುವೆಯ ಹಂಗಾಮಿನಲ್ಲಿ ಅನೇಕ ಮನೆಗಳು ಒಳಗೊಳಗೇ ನಿಟ್ಟುಸಿರು ಬಿಟ್ಟಿರಬೇಕು. ಕರೆಯದಿರಲು, ಹೋಗದಿರಲು ಎರಡೂ ಕಡೆಗೆ ಒಂದು ಮರ್ಯಾದೆಯ ನೆಪ ಸಿಕ್ಕಿತು.

ಬೆಳಗಾವಿ ಸೀಮೆಯಲ್ಲಿ ನಡೆದದ್ದು

ಕರ್ನಾಟಕದಲ್ಲಿ ಮೊದಲ ಸೋಂಕು ದೃಢಪಟ್ಟದ್ದು 2020ರ ಮಾರ್ಚ್ 9ಕ್ಕೆ. ಮರುದಿನ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅದು ದೇಶದ ಮೊದಲ ಕೋವಿಡ್ ಸಾವು. ಮಾರ್ಚ್ 11ರಂದು ರಾಜ್ಯ ಸರ್ಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ನಿಯಮಾವಳಿ ಹೊರಡಿಸಿತು. 14ರಿಂದ ಚಿತ್ರಮಂದಿರ, ಮಾಲ್, ಜಾತ್ರೆ, ದೊಡ್ಡ ಮದುವೆಗಳಿಗೆ ತಡೆ ಬಿತ್ತು. ಈ ಆದೇಶಕ್ಕೆ ಮೆಚ್ಚುಗೆ ಸಲ್ಲಬೇಕು; ಗುಂಪನ್ನೇ ಗುರಿಯಾಗಿಸಿ, ಬೇಗ ಬಂದ ಆದೇಶ ಅದು. ಹನ್ನೊಂದು ದಿನದ ಮೇಲೆ, ಮಾರ್ಚ್ 25ರಿಂದ, ನಾಲ್ಕು ತಾಸಿನ ಮುನ್ಸೂಚನೆಯಲ್ಲಿ ಇಡೀ ದೇಶಕ್ಕೆ ಬೀಗ ಬಿತ್ತು.

ಬೆಳಗಾವಿ ಜಿಲ್ಲೆಯಲ್ಲಿ ಮೊದಲ ಮೂವರು ಸೋಂಕಿತರು ಪತ್ತೆಯಾದದ್ದು ಏಪ್ರಿಲ್ 3ಕ್ಕೆ. ಮುಂದೆ ಕುಡಚಿ, ಹಿರೇಬಾಗೇವಾಡಿಗಳಲ್ಲಿ ಗುಂಪು ಗುಂಪಾಗಿ ಸೋಂಕು ಕಂಡಿತು, ಆ ಊರುಗಳಿಗೆ ದಿಗ್ಬಂಧನ ಬಿತ್ತು. ಉಳಿದ ನೂರಾರು ಹಳ್ಳಿಗಳಲ್ಲಿ ರೋಗದ ಸುಳಿವೇ ಇರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರ ಮೇ–ಜೂನ್‌ನಲ್ಲಿ ದೇಶದಾದ್ಯಂತ ರಕ್ತಪರೀಕ್ಷೆ ನಡೆಸಿದಾಗ ಸೋಂಕು ತಗುಲಿದ ಗುರುತು ಕಂಡದ್ದು ನೂರಕ್ಕೆ 0.73 ವಯಸ್ಕರಲ್ಲಿ. 2021ರ ಜೂನ್–ಜುಲೈ ಹೊತ್ತಿಗೆ, ಮಕ್ಕಳನ್ನೂ ಲಸಿಕೆ ಪಡೆದವರನ್ನೂ ಸೇರಿಸಿ, ಅದು 67.6ಕ್ಕೆ ಏರಿತ್ತು. ಅತ್ಯಂತ ಬಿಗಿಯಾದ ಕಾಯಿದೆ ರೋಗ ಇನ್ನೂ ತಲುಪದ ಊರುಗಳ ಮೇಲೆ ಬಿತ್ತು. ರೋಗ ನಿಜಕ್ಕೂ ಊರೊಳಗೆ ನುಗ್ಗಿದಾಗ ಜನರ ತಾಳ್ಮೆಯೂ ಆಡಳಿತದ ಬಿಗಿಯೂ ಮುಗಿದುಹೋಗಿದ್ದವು.

ಆ ಸಡಿಲಿಕೆಯ ಹೊಣೆ ಜನರ ಮೇಲೆ ಮಾತ್ರ ಹೊರಿಸುವುದು ಅನ್ಯಾಯ. ಬೆಳಗಾವಿಯ ಸಂಸದರೂ ಕೇಂದ್ರ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿ 2020ರ ಸೆಪ್ಟೆಂಬರ್ 23ರಂದು ಕೋವಿಡ್‌ನಿಂದಲೇ ತೀರಿಕೊಂಡರು. ಅವರಿಂದ ತೆರವಾದ ಸ್ಥಾನಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಎರಡನೆಯ ಅಲೆ ಏರುತ್ತಿದ್ದ ಆ ವಾರಗಳಲ್ಲೇ ಪ್ರಚಾರ ಸಭೆಗಳು. ಅದಕ್ಕೂ ಮೊದಲು, ಜನವರಿ 17ರಂದು ಬೆಳಗಾವಿಯಲ್ಲಿ ನಡೆದ ರಾಜಕೀಯ ಸಮಾವೇಶದಲ್ಲಿ ಮಾಸ್ಕ್ ಮತ್ತು ಅಂತರದ ನಿಯಮ ಪಾಲಿಸದವರ ಮೇಲೆ ಎಫ್‌ಐಆರ್ ಏಕಿಲ್ಲ ಎಂದು ಹೈಕೋರ್ಟ್ ಕೇಳಬೇಕಾಯಿತು. ಮಾಸ್ಕ್ ಇಲ್ಲದೆ ಕಾಯಿಪಲ್ಲೆ ಮಾರುವವಳಿಗೆ ದಂಡ ಹಾಕಿದ ಕಾಯಿದೆ ಸಾವಿರಾರು ಜನರ ಸಭೆಯ ಮುಂದೆ ಮೆತ್ತಗಾದರೆ ಅದರ ಮೇಲಿನ ನಂಬಿಕೆ ಅಲ್ಲಿಗೆ ಮುಗಿಯಿತು. ಹೆಚ್ಚು ರೋಗ ಹರಡಬಲ್ಲ ಜಾಗದಲ್ಲೇ ಕಾಯಿದೆ ಸೋತಿತು ಎನ್ನುವುದು ವಿಜ್ಞಾನದ ಲೆಕ್ಕದಲ್ಲೂ ದೊಡ್ಡ ನಷ್ಟ.

ಗೋಕಾಕ ತಾಲ್ಲೂಕಿನ ಮರಡಿಮಠದ ಘಟನೆಯನ್ನು ಇದರ ಜೊತೆಗೇ ನೋಡಬೇಕು. 2021ರ ಮೇ ತಿಂಗಳಲ್ಲಿ, ರಾಜ್ಯವೆಲ್ಲ ಲಾಕ್‌ಡೌನ್‌ನಲ್ಲಿದ್ದಾಗ, ಅಲ್ಲಿನ ಮಠದ ಕುದುರೆ ಸತ್ತಿತು. ರೋಗ ಊರಿನಿಂದ ತೊಲಗಲಿ ಎಂಬ ನಂಬಿಕೆಯಿಂದ ಊರೊಳಗೆ ಬಿಟ್ಟಿದ್ದ ಕುದುರೆ ಅದು. ಅದರ ಅಂತ್ಯಸಂಸ್ಕಾರಕ್ಕೆ ನೂರಾರು ಜನ ಸೇರಿದರು. ಜಿಲ್ಲಾಡಳಿತ ಪ್ರಕರಣ ದಾಖಲಿಸಿ, ಊರನ್ನು 14 ದಿನ ಸೀಲ್‌ಡೌನ್ ಮಾಡಿ, ಪರೀಕ್ಷೆ ನಡೆಸಿತು. ದೇಶದ ಟಿ.ವಿ.ಗಳು ಹಳ್ಳಿಗರನ್ನು ಹಂಗಿಸಿದವು. ಹಂಗಿಸುವುದರಿಂದ ಏನೂ ತಿಳಿಯುವುದಿಲ್ಲ. ತಮ್ಮನ್ನು ಕಾಯುವುದೆಂದು ನಂಬಿದ್ದ ಜೀವವನ್ನು ಕಳೆದುಕೊಂಡವರ ದುಃಖ ಅದು. ಸತ್ತ ಸುದ್ದಿ ತಿಳಿದ ಕೂಡಲೇ ಮಠದವರೊಡನೆ ಕೂತು, ಇಷ್ಟೇ ಜನರಲ್ಲಿ ಮುಗಿಸೋಣ ಎಂದು ಒಪ್ಪಿಸಬಲ್ಲ ಒಬ್ಬ ಅಧಿಕಾರಿ ಅಥವಾ ಪಂಚಾಯಿತಿಯ ಹಿರಿಯ ಬೇಕಿತ್ತು. ಗುಂಪು ಚದುರಿದ ಮೇಲೆ ಬರುವ ಕಾಯಿದೆ ಮುಂದಿನ ಸುತ್ತನ್ನು ತಡೆದೀತು, ಆದ ಸುತ್ತನ್ನಲ್ಲ.

ಗಡಿಯ ವಿಷಯ ಸಂಕೇಶ್ವರಕ್ಕೆ ಇನ್ನೂ ಹತ್ತಿರದ್ದು. ಇಲ್ಲಿಯ ವ್ಯಾಪಾರ, ಹೆಣ್ಣು ಕೊಟ್ಟು ತಂದ ನಂಟು ಎಲ್ಲ ಮಹಾರಾಷ್ಟ್ರದ ಗಡಹಿಂಗ್ಲಜ, ಕೊಲ್ಹಾಪುರಗಳವರೆಗೆ ಹಬ್ಬಿವೆ. 2021ರ ಫೆಬ್ರುವರಿಯಿಂದ ಮಹಾರಾಷ್ಟ್ರದಿಂದ ಬರುವವರು 72 ತಾಸಿನೊಳಗಿನ ಆರ್‌ಟಿಪಿಸಿಆರ್ ವರದಿ ತೋರಿಸಬೇಕಾಯಿತು. ನಿಪ್ಪಾಣಿ ಬಳಿಯ ಕೊಗನೊಳ್ಳಿ ಚೆಕ್‌ಪೋಸ್ಟ್‌ನಲ್ಲಿ ವಾಹನ ಸಾಲುಗಟ್ಟಿದವು. ಡೆಲ್ಟಾ ತಳಿ ಮೊದಲು ಬೆಳೆದದ್ದು ಮಹಾರಾಷ್ಟ್ರದಲ್ಲೇ ಆದ್ದರಿಂದ ತಪಾಸಣೆಗೆ ಅರ್ಥವಿತ್ತು. ಆದರೆ ತಪಾಸಣೆ ಬೇರೆ, ಗೋಡೆ ಬೇರೆ. 2020ರ ಮಾರ್ಚ್ ಕೊನೆಗೆ ಕರ್ನಾಟಕ ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ಹಲವು ರೋಗಿಗಳು ದಾರಿ ಸಿಗದೆ ಪ್ರಾಣ ಬಿಟ್ಟರು. ಕೇರಳ ಹೈಕೋರ್ಟ್ ಮಧ್ಯೆ ಬರಬೇಕಾಯಿತು. ಕೋವಿಡ್ ತಡೆಯಲು ಹಾಕಿದ ತಡೆ ಕೋವಿಡ್ ಇಲ್ಲದವರನ್ನು ಕೊಲ್ಲುವಂತಿದ್ದರೆ ಅದಕ್ಕೆ ಸಮರ್ಥನೆ ಇಲ್ಲ.

ಬಚ್ಚಿಟ್ಟ ರೋಗ

1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಒಂದೆರಡು ವರ್ಷದಲ್ಲಿ ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಹಬ್ಬಿತು. ಅವೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. 1897ರ ಫೆಬ್ರುವರಿಯಲ್ಲಿ ಬಂದ ಅದೇ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಬಹುತೇಕ ಮಿತಿಯಿಲ್ಲದ ಅಧಿಕಾರ ಕೊಟ್ಟಿತು. ಪುಣೆಯಲ್ಲಿ ಸೈನಿಕರು ಮನೆಮನೆ ನುಗ್ಗಿ ಶೋಧಿಸಿದರು, ರೋಗಿಗಳನ್ನು ಎಳೆದೊಯ್ದರು. ಜನ ರೋಗಿಗಳನ್ನು ಬಚ್ಚಿಟ್ಟರು. ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು; ಆ ಗಾಯದಿಂದ ಆತ ಮುಂದೆ ಸತ್ತ. ನಮ್ಮ ಕಡೆಯ ಹಳ್ಳಿಗರು ಇಲಿ ಬಿದ್ದ ಮನೆ ತೊರೆದು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಇಲಿಯ ಮೈಮೇಲಿನ ಚಿಗಟ ಪ್ಲೇಗು ಹರಡುತ್ತದೆ ಎಂದು ಪಾಲ್ ಲೂಯಿ ಸಿಮೊಂ 1898ರಲ್ಲಿ ತೋರಿಸಿದರು. ಮನೆ ತೊರೆಯುವ ಜಾಣ್ಮೆಗೆ ಅಲ್ಲಿ ಕಾರಣ ಸಿಕ್ಕಿತು. 

ಪುಣೆಯ ಜನರಂತೆ ರೋಗ ಬಚ್ಚಿಡುವ ಗುಣ 2020ರಲ್ಲೂ ಮರುಕಳಿಸಿತು. ಆ ಜುಲೈನಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಎರಡು ಮನೆಗಳ ಬಾಗಿಲಿಗೆ ತಗಡು ಬಡಿದದ್ದು ಸುದ್ದಿಯಾಗಿ, ಪಾಲಿಕೆ ಆಯುಕ್ತರು ಕ್ಷಮೆ ಕೇಳಬೇಕಾಯಿತು. ಒಳಗೆ ಚಿಕ್ಕ ಮಕ್ಕಳ ತಾಯಿ, ವೃದ್ಧ ದಂಪತಿ ಇದ್ದರು. ತಗಡು ಬಡಿಯುತ್ತಾರೆ ಎಂದು ಗೊತ್ತಾದ ಮೇಲೆ ಯಾರು ಪರೀಕ್ಷೆಗೆ ಹೋಗುತ್ತಾರೆ? ಪರೀಕ್ಷೆ ಕಡಿಮೆಯಾದರೆ ಸರ್ಕಾರಕ್ಕೆ ಮುಂಚೆ ಕಾಣುವ ಅಂಕಿಯೂ ಇಲ್ಲವಾಗುತ್ತದೆ. ರೋಗ ಬಂದವರನ್ನು ಅಪರಾಧಿಗಳಂತೆ ಕಾಣುವ ಕಾಯಿದೆ ತನ್ನ ಕಣ್ಣನ್ನು ತಾನೇ ಕಟ್ಟಿಕೊಳ್ಳುತ್ತದೆ.

ಬೆಲೆ ಕೊಡುವವರು

2020ರಲ್ಲಿ ನ್ಯಾಯಬೆಲೆ ಅಂಗಡಿಗಳ ಮುಂದೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಬಿಸಿಲೇರುತ್ತಿದ್ದಂತೆ ಜನ ವೃತ್ತದಲ್ಲಿ ಚಪ್ಪಲಿ, ಚೀಲ, ಕಲ್ಲು ಇಟ್ಟು ಮರದ ನೆರಳಿಗೆ ಸರಿದು ಒತ್ತೊತ್ತಾಗಿ ಕುಳಿತರು. ಅಂತರ ಚಪ್ಪಲಿಗಳ ನಡುವೆ ಉಳಿಯಿತು. ತಪ್ಪು ಅವರದಲ್ಲ, ನಾಲ್ಕು ತಾಸು ಬಿಸಿಲಲ್ಲಿ ನಿಲ್ಲಿಸುವ ವ್ಯವಸ್ಥೆಯದು. ವಾರ್ಡಿಗೊಂದು ದಿನ, ಮನೆಗೊಂದು ಹೊತ್ತು ಎಂದು ಚೀಟಿ ಕೊಟ್ಟ ಕಡೆ ಸಾಲೇ ಇರುವುದಿಲ್ಲ, ಪೊಲೀಸರೂ ಬೇಕಾಗುವುದಿಲ್ಲ.

ದಂಡದ ಕಥೆಯೂ ಇಂಥದೇ. 2020ರ ಅಕ್ಟೋಬರ್ ಆರಂಭದಲ್ಲಿ ರಾಜ್ಯ ಸರ್ಕಾರ ಮಾಸ್ಕ್ ಇಲ್ಲದವರಿಗೆ ನಗರಗಳಲ್ಲಿ 1,000, ಗ್ರಾಮೀಣ ಭಾಗದಲ್ಲಿ 500 ರೂಪಾಯಿ ದಂಡ ಎಂದಿತು; ಜನರ ಸಿಟ್ಟು ಕಂಡು ಕೆಲವೇ ದಿನಗಳಲ್ಲಿ 250 ಮತ್ತು 100ಕ್ಕೆ ಇಳಿಸಿತು. ಒಂದು ದಿನದ ಕೂಲಿಗಿಂತ ದೊಡ್ಡ ದಂಡ ಹಾಕಿದರೆ ಜನ ಮಾಸ್ಕ್ ಹಾಕುವ ಬದಲು ಪೊಲೀಸರನ್ನು ಕಂಡು ಓಡುತ್ತಾರೆ.

ಮನೆಯಲ್ಲಿರು ಎಂದು ಹೇಳುವ ಸರ್ಕಾರ ಮನೆಯಲ್ಲಿ ಉಣ್ಣುವುದೇನು ಎಂಬುದಕ್ಕೂ ಉತ್ತರಿಸಬೇಕು. 2020ರ ಮೇ 6ರಂದು ಕರ್ನಾಟಕ 1,610 ಕೋಟಿ ರೂಪಾಯಿಯ ನೆರವು ಘೋಷಿಸಿತು. ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000, ಕೈಮಗ್ಗ ನೇಕಾರರಿಗೆ 2,000. ಬಾಗಿಲು ಹಾಕಿ ಆರು ವಾರ ಕಳೆದ ಮೇಲೆ ಬಂದ ಘೋಷಣೆ ಅದು. ನೆರವನ್ನು ದಾನವೆಂದು ಎಣಿಸಬಾರದು. ಊರಿನ ಎಲ್ಲರ ಆರೋಗ್ಯಕ್ಕಾಗಿ ಒಬ್ಬ ಕ್ಷೌರಿಕ ತನ್ನ ಅಂಗಡಿ ಮುಚ್ಚಿದ್ದಾನೆ. ಅದರ ಬೆಲೆಯನ್ನು ಊರೆಲ್ಲ ಹಂಚಿಕೊಳ್ಳುವುದು ನ್ಯಾಯ. ಹಣ ಆದೇಶದ ಜೊತೆಗೇ ಕೈಸೇರಿದರೆ ಆದೇಶವೂ ಪಾಲನೆಯಾಗುತ್ತದೆ, ಏಕೆಂದರೆ ಹಸಿದವನನ್ನು ಯಾವ ದಂಡವೂ ಮನೆಯಲ್ಲಿ ಕೂರಿಸಲಾರದು.

ಕಾಯಿದೆಗೆ ಕೊನೆಯ ದಿನ

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಒಂದು ಒರೆಗಲ್ಲು ಕೊಟ್ಟಿದೆ. ಪ್ರಜೆಯ ಖಾಸಗಿ ಬದುಕಿನಲ್ಲಿ ಸರ್ಕಾರ ಕೈ ಹಾಕಬೇಕಾದರೆ ಅದಕ್ಕೆ ಕಾನೂನಿನ ಬಲವಿರಬೇಕು, ಒಪ್ಪತಕ್ಕ ಉದ್ದೇಶವಿರಬೇಕು, ಹಾಕುವ ಕೈ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ತಕ್ಕಷ್ಟು ಎಷ್ಟು ಎಂಬುದನ್ನು ಗುಂಪುಹರಡಿಕೆಯ ಲೆಕ್ಕ ಹೇಳುತ್ತದೆ: ಮುಚ್ಚಿದ ಜಾಗದ ದೊಡ್ಡ ಕೂಟಗಳಿಗೆ ಖಡಾಖಡಿ ತಡೆ, ತೆರೆದ ಸಂತೆಗೆ ವ್ಯವಸ್ಥೆ, ಒಂಟಿಯಾಗಿ ದುಡಿಯುವವನಿಗೆ ಬಿಡುಗಡೆ.

ಎಷ್ಟು ದಿನ ಎಂಬುದನ್ನೂ ರೋಗವೇ ಹೇಳುತ್ತದೆ. ಲಸಿಕೆ ಇಲ್ಲದ, ಆಸ್ಪತ್ರೆ ಸಜ್ಜಾಗದ ಕಾಲದಲ್ಲಿ ಹತ್ತು ವಾರ ಗಳಿಸಿಕೊಟ್ಟರೂ ಅಂತರದ ಕಾಯಿದೆ ಜೀವ ಉಳಿಸುತ್ತದೆ. ಲಸಿಕೆ ಹೆಚ್ಚಿನವರಿಗೆ ಸಿಕ್ಕ ಮೇಲೆ ಅದೇ ಕಾಯಿದೆಯ ಲಾಭ ಇಳಿಯುತ್ತದೆ, ಹೊರೆ ಹಾಗೆಯೇ ಇರುತ್ತದೆ. 2022ರ ಜನವರಿಯಲ್ಲಿ ಓಮೈಕ್ರಾನ್ ಅಲೆ ಎದ್ದಾಗ ಕರ್ನಾಟಕ ವಾರಾಂತ್ಯದ ಕರ್ಫ್ಯೂ ಹೇರಿ, ಆಸ್ಪತ್ರೆ ಸೇರುವವರು ಕಡಿಮೆ ಎಂದು ಕಂಡುಬಂದೊಡನೆ 21ರಂದು ಅದನ್ನು ಹಿಂತೆಗೆದುಕೊಂಡಿತು. ರಾತ್ರಿ ಕರ್ಫ್ಯೂ 31ರಿಂದ ಹೋಯಿತು. ವಿಪತ್ತು ನಿರ್ವಹಣಾ ಕಾಯಿದೆಯಡಿ ಕೇಂದ್ರದ ಆದೇಶಗಳು ಮಾರ್ಚ್ 31ಕ್ಕೆ ಮುಗಿದವು.

1897ರ ಕಾಯಿದೆಯಲ್ಲಿ ಅಂಥ ಕೊನೆಯ ದಿನದ ಮಾತೇ ಇಲ್ಲ. ಮೊದಲು ಬರೆದಾಗ ನಾಲ್ಕೇ ಕಲಮುಗಳಿದ್ದ ಆ ಕಾಯಿದೆ ಅಧಿಕಾರ ಕೊಡುತ್ತದೆ, ನೆರವಿನ ಹೊಣೆ ಹೊರಿಸುವುದಿಲ್ಲ, ಆದೇಶ ಎಷ್ಟು ದಿನಕ್ಕೆ ಎಂದೂ ಕೇಳುವುದಿಲ್ಲ. ಮುಂದಿನ ಮಹಾಮಾರಿಗೆ ಮೊದಲು ಅದರಲ್ಲಿ ಈ ಮೂರನ್ನೂ ಸೇರಿಸಬೇಕು: ಪ್ರತಿ ಆದೇಶದಲ್ಲಿ ಮುಗಿಯುವ ದಿನಾಂಕ, ಮುಂದುವರಿಸಬೇಕಾದರೆ ಸೋಂಕಿನ ಅಂಕಿಗಳನ್ನು ಸದನದ ಮುಂದಿಟ್ಟು ಒಪ್ಪಿಗೆ ಪಡೆಯುವ ಕಟ್ಟು, ಮುಚ್ಚಿದ ಪ್ರತಿ ಅಂಗಡಿಗೆ ಮೊದಲ ವಾರದಿಂದಲೇ ಸಲ್ಲುವ ಪರಿಹಾರ.